ಚಿಕ್ಕ ಮಲಗುವ ಕೋಣೆಗೆ ಮಡಚುವ ಮೇಜು, ಮಂಚ: ಗೋಡೆಯಿಂದ ಶುರು ಮಾಡಿ

"ಕೋಣೆ ತುಂಬ ಚಿಕ್ಕದು. ಮಂಚ ಹಾಕಿದರೆ ಮೇಜಿಗೆ ಜಾಗ ಇಲ್ಲ. ಮೇಜು ಹಾಕಿದರೆ ಬೀರುವಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಗೋಡೆಗೆ ಮಡಚಿ ಇಡುವಂಥದ್ದು ಏನಾದರೂ ಹಾಕಿಸಬಹುದಾ? ಯಾವ ಮಾಡೆಲ್ ಒಳ್ಳೆಯದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು.

ಖಂಡಿತ ಹಾಕಿಸಬಹುದು. ಆದರೆ ಮಾಡೆಲ್ ಯಾವುದು ಅನ್ನೋದು ಕೊನೆಗೆ ಬರಬೇಕಾದ ಪ್ರಶ್ನೆ. ಮೊದಲು ನಿಮ್ಮ ಗೋಡೆ ಯಾವ ಥರದ್ದು ಅಂತ ಗೊತ್ತಾಗಬೇಕು. ನಾಲ್ಕು ಕಾಲಿನ ಮೇಜಿನ ಭಾರ ನೆಲಕ್ಕೆ ಹೋಗುತ್ತದೆ. ಮಡಚುವ ಮೇಜಿನ ಭಾರ ಗೋಡೆಗೆ ಹೋಗುತ್ತದೆ, ಅದೂ ಸ್ಕ್ರೂಗಳನ್ನು ಹೊರಗೆ ಎಳೆಯುವ ರೀತಿಯಲ್ಲಿ. ಇಂಥ ಸಾಮಾನು ಹಾಳಾಗುವಾಗ ಸಾಮಾನ್ಯವಾಗಿ ಹಲಗೆ ಮುರಿಯುವುದಿಲ್ಲ, ಗೋಡೆಯಿಂದ ಸ್ಕ್ರೂ ಕಿತ್ತು ಬರುತ್ತದೆ. ಹಾಗಾಗಿ ಇಲ್ಲಿ ಗೋಡೆಯ ವಿಷಯ ಸ್ವಲ್ಪ ಜಾಸ್ತಿಯೇ ಇದೆ. ದಯವಿಟ್ಟು ಆ ಭಾಗವನ್ನು ಹಾರಿಸಿ ಮುಂದೆ ಹೋಗಬೇಡಿ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ. ಅಳತೆ ಟೇಪು, ಪೆನ್ಸಿಲ್, ನೆಲಕ್ಕೆ ಅಂಟಿಸಲು ಮಾಸ್ಕಿಂಗ್ ಟೇಪ್ (ಸುಲಭವಾಗಿ ಕಿತ್ತು ಬರುವ ಕಾಗದದ ಟೇಪು), ರಸಮಟ್ಟ, ಡ್ರಿಲ್ಲಿಂಗ್ ಮೆಷಿನ್, ಗೋಡೆಯೊಳಗಿನ ವೈರು ಪತ್ತೆ ಮಾಡುವ ಡಿಟೆಕ್ಟರ್, ಕಣ್ಣಿಗೆ ಕನ್ನಡಕ. ಮೇಜನ್ನು ಒಬ್ಬರೇ ಕೂರಿಸಬಹುದು. ಮಂಚಕ್ಕೆ ಇಬ್ಬರು ಬೇಕೇ ಬೇಕು.

ಹಂತ 1: ಏನನ್ನು ಮಡಚಬೇಕು ಅಂತ ತೀರ್ಮಾನಿಸಿ

ಜಾಗ ಕಡಿಮೆ ಅಂದ ತಕ್ಷಣ ಎಲ್ಲರೂ ಮಂಚದ ಕಡೆಗೇ ನೋಡುತ್ತಾರೆ, ಯಾಕೆಂದರೆ ಕೋಣೆಯಲ್ಲಿ ದೊಡ್ಡ ಸಾಮಾನು ಅದೇ. ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಕೋಣೆಗಳಲ್ಲಿ ಮಡಚಬೇಕಾದದ್ದು ಮೇಜು.

ಮಂಚ ಮಡಚುವುದು ಅಂದರೆ ದಿನಕ್ಕೆ ಎರಡು ಸಲ ಕೆಲಸ. ಬೆಳಿಗ್ಗೆ ದಿಂಬು ತೆಗೆದು ಬೇರೆ ಕಡೆ ಇಡಬೇಕು, ಹೊದಿಕೆಗೆ ಪಟ್ಟಿ ಬಿಗಿಯಬೇಕು, ಎತ್ತಬೇಕು. ರಾತ್ರಿ ಮಂಚದ ಮುಂದಿರುವ ಕುರ್ಚಿ, ಬ್ಯಾಗು ಎಲ್ಲ ಸರಿಸಿ ಇಳಿಸಬೇಕು. ಹಗಲು ಹೊತ್ತು ಆ ಕೋಣೆಯಲ್ಲಿ ಬೇರೆ ಕೆಲಸ ನಡೆಯುತ್ತಿದ್ದರೆ, ಅಂದರೆ ಅದೇ ಕಚೇರಿ, ಅದೇ ಮಕ್ಕಳು ಆಡುವ ಜಾಗ, ಅದೇ ವ್ಯಾಯಾಮದ ಜಾಗ ಆಗಿದ್ದರೆ, ಈ ಶ್ರಮಕ್ಕೆ ಫಲ ಇದೆ. ಅತಿಥಿಗಳು ಬಂದಾಗ ಮಾತ್ರ ಬೇಕಾಗುವ ಮಂಚಕ್ಕಂತೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಹಗಲೆಲ್ಲ ಕೋಣೆ ಖಾಲಿ ಇರುತ್ತದೆ ಅಂತಾದರೆ ಮಂಚ ಮಡಚಿ ಉಳಿಸಿದ ಜಾಗ ಯಾರಿಗೆ? ಅಂಥ ಕೋಣೆಗೆ ಕೆಳಗೆ ಡ್ರಾಯರ್ ಇರುವ ಮಾಮೂಲಿ ಮಂಚ, ಜೊತೆಗೆ ಗೋಡೆಗೆ ಮಡಚುವ ಮೇಜು ಹೆಚ್ಚು ಹೊಂದುತ್ತದೆ.

ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಒಂದು ವಾರ ದಿನಾ ಬೆಳಿಗ್ಗೆ ಹಾಸಿಗೆಯ ಮೇಲಿನದ್ದನ್ನೆಲ್ಲ ತೆಗೆದು ಮಡಚಿ ಬೀರುವಿನಲ್ಲಿ ಇಡಿ, ರಾತ್ರಿ ಮತ್ತೆ ಹಾಸಿ. ಮೂರನೇ ದಿನಕ್ಕೇ ಬೇಜಾರಾಗಿ ಬಿಟ್ಟರೆ ಮಡಚುವ ಮಂಚ ತಂದರೂ ಅದು ಯಾವಾಗಲೂ ಇಳಿದೇ ಇರುತ್ತದೆ. ಬೆನ್ನು ನೋವು, ಭುಜದ ನೋವು ಇರುವವರು ಒಬ್ಬರೇ ಮಲಗುವ ಕೋಣೆಯಾದರೆ ಇನ್ನೂ ಯೋಚಿಸಿ.

ಹಂತ 2: ತೆರೆದ ಸ್ಥಿತಿಯ ಅಳತೆ ತೆಗೆಯಿರಿ

ಎಲ್ಲರೂ ಮಡಚಿದಾಗ ಎಷ್ಟು ಜಾಗ ಅಂತ ನೋಡುತ್ತಾರೆ. ತೊಂದರೆ ಕೊಡುವುದು ತೆರೆದಾಗಿನ ಅಳತೆ, ತೆರೆಯುವಾಗ ಅದು ಸುತ್ತುವ ದಾರಿ, ಅದರ ಪಕ್ಕ ನೀವು ನಿಲ್ಲುವ ಜಾಗ. ಈ ಮೂರೂ ಬೇಕು.

ಮಂಚ ಇಳಿದಾಗ ಕನಿಷ್ಠ ಒಂದು ಪಕ್ಕದಲ್ಲಿ 60 ಸೆಂ.ಮೀ. ಓಡಾಡುವ ದಾರಿ ಉಳಿಯಬೇಕು. ಮೇಜಿನ ಮುಂದೆ ಕುರ್ಚಿ ಎಳೆದು ಕೂತು ಏಳಲು ಮೇಜಿನ ಅಂಚಿನಿಂದ 75 ರಿಂದ 90 ಸೆಂ.ಮೀ. ಬೇಕು. ಬರೆಯುವ ಮೇಜಿನ ಎತ್ತರ ಸಾಮಾನ್ಯವಾಗಿ 72 ರಿಂದ 75 ಸೆಂ.ಮೀ. ಆಳ, ಅಂದರೆ ಗೋಡೆಯಿಂದ ನಿಮ್ಮ ಕಡೆಗಿನ ಅಳತೆ, ಲ್ಯಾಪ್‌ಟಾಪಿಗೆ 45 ಸೆಂ.ಮೀ. ಇದ್ದರೂ ನಡೆಯುತ್ತದೆ. ದೊಡ್ಡ ಪರದೆ, ಪುಸ್ತಕ ಎಲ್ಲ ಇಡುವುದಾದರೆ 60 ಬೇಕು.

ಈಗ ಆ ಅಳತೆಗೆ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮೇಜಾದರೆ ಅದೇ ಅಳತೆಯ ರಟ್ಟಿನ ತುಂಡನ್ನು ಎರಡು ಸ್ಟೂಲ್ ಮೇಲೆ ಇಡಿ. ನಾಲ್ಕೈದು ದಿನ ಹಾಗೇ ಓಡಾಡಿ ನೋಡಿ. ಕೋಣೆಯ ಬಾಗಿಲು ತಗಲುತ್ತದಾ? ಬೀರುವಿನ ಬಾಗಿಲು, ಡ್ರಾಯರ್ ತೆರೆಯುತ್ತದಾ? ಕಿಟಕಿ ಪರದೆಯ ರಾಡ್, ಗೋಡೆ ದೀಪ ಅಡ್ಡ ಬರುತ್ತದಾ? ಕಾಗದದ ಮೇಲೆ ಬರೆದ ನಕ್ಷೆಗಿಂತ ಈ ಟೇಪು ಹೆಚ್ಚು ನಿಜ ಹೇಳುತ್ತದೆ.

ಅಳತೆಯಲ್ಲಿ ಜನ ಮರೆಯುವ ಕೆಲವು ವಿಷಯಗಳಿವೆ. ಗೋಡೆಯ ಅಗಲವನ್ನು ನೆಲದ ಹತ್ತಿರ, ನಡುವೆ, ಮೇಲೆ, ಹೀಗೆ ಮೂರು ಕಡೆ ಅಳೆಯಿರಿ. ಗೋಡೆಗಳು ಪೂರ್ತಿ ನೇರ ಇರುವುದು ಅಪರೂಪ, ಮೂರರಲ್ಲಿ ಕಡಿಮೆ ಬಂದದ್ದೇ ನಿಮ್ಮ ಅಳತೆ. ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿ ಹೊರಗೆ ಚಾಚಿದ್ದರೆ ಮಂಚದ ಪೆಟ್ಟಿಗೆ, ಅಂದರೆ ಮಡಚಿದ ಮಂಚ ಒಳಗೆ ಕೂರುವ ಕಪಾಟಿನಂಥ ಚೌಕಟ್ಟು, ಗೋಡೆಗೆ ಒತ್ತಿ ಕೂರುವುದಿಲ್ಲ. ಅಲ್ಲಿ ಪೆಟ್ಟಿಗೆಯ ಪಕ್ಕದ ಹಲಗೆಗೆ ಕಚ್ಚು ಕೊಡಬೇಕು, ಇಲ್ಲವೇ ಗೋಡೆಗೂ ಪೆಟ್ಟಿಗೆಗೂ ನಡುವೆ ಮರದ ರೀಪು ಕೂರಿಸಬೇಕು. ಕೆಳಕ್ಕೆ ಮಡಚುವ ಮೇಜಿನ ಹಲಗೆ ಗೋಡೆಗೆ ಒರಗಿ ನೇತಾಡುತ್ತದೆ. 74 ಸೆಂ.ಮೀ. ಎತ್ತರದಲ್ಲಿ 50 ಸೆಂ.ಮೀ. ಆಳದ ಹಲಗೆ ಹಾಕಿದರೆ ಮಡಚಿದಾಗ ಅದರ ಅಂಚು ನೆಲದಿಂದ 24 ಸೆಂ.ಮೀ. ಮೇಲಿರುತ್ತದೆ. ಆ ಹಲಗೆಯ ಹಿಂದೆ ಪ್ಲಗ್ ಪಾಯಿಂಟ್ ಇದೆಯಾ ನೋಡಿಕೊಳ್ಳಿ. ಇದ್ದರೆ ಪ್ಲಗ್ ಚುಚ್ಚಿದಾಗ ಮೇಜು ಮಡಚಲು ಆಗುವುದಿಲ್ಲ.

ಎತ್ತರದ ಪೆಟ್ಟಿಗೆಯಿರುವ ಮಂಚಕ್ಕೆ ಇನ್ನೊಂದು ಲೆಕ್ಕ ಇದೆ. ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎತ್ತಿ ನಿಲ್ಲಿಸುವುದಾದರೆ, ನಿಲ್ಲಿಸುವಾಗ ಅದರ ಕರ್ಣ, ಅಂದರೆ ಮೂಲೆಯಿಂದ ಮೂಲೆಗಿನ ಓರೆ ಅಳತೆ, ಚಾವಣಿಯ ಕೆಳಗೆ ಹಾದು ಹೋಗಬೇಕು. 220 ಸೆಂ.ಮೀ. ಎತ್ತರ, 45 ಸೆಂ.ಮೀ. ಆಳದ ಪೆಟ್ಟಿಗೆಯ ಕರ್ಣ ಸುಮಾರು 225 ಸೆಂ.ಮೀ. ಚಾವಣಿ 223 ಇದ್ದರೆ ನಿಂತ ಪೆಟ್ಟಿಗೆಗೆ ಜಾಗ ಇದೆ, ಆದರೆ ಅದನ್ನು ನಿಲ್ಲಿಸಲು ಆಗುವುದಿಲ್ಲ. ಫಾಲ್ಸ್ ಸೀಲಿಂಗ್ ಇರುವ ಕೋಣೆಗಳಲ್ಲಿ ಇದನ್ನು ಮೊದಲೇ ನೋಡಿ. ಅಂಥ ಕಡೆ ಪೆಟ್ಟಿಗೆಯನ್ನು ನಿಂತ ಸ್ಥಿತಿಯಲ್ಲೇ ಒಂದೊಂದು ಹಲಗೆಯಾಗಿ ಜೋಡಿಸಬೇಕು.

ಹಂತ 3: ಗೋಡೆ ಯಾವುದು ಅಂತ ಪತ್ತೆ ಮಾಡಿ

ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಅರ್ಧ ಗೊತ್ತಾಗುತ್ತದೆ. ಡೊಳ್ಳು ಸದ್ದು ಬಂದರೆ ಒಳಗೆ ಟೊಳ್ಳು, ಬೋರ್ಡಿನ ಗೋಡೆ ಇರಬಹುದು. ಉಳಿದರ್ಧ ತಿಳಿಯಲು ಒಂದು ಸಣ್ಣ ತೂತು ಕೊರೆಯಿರಿ. ಮುಂದೆ ಸಾಮಾನಿನ ಹಿಂದೆ ಮುಚ್ಚಿಹೋಗುವ ಜಾಗದಲ್ಲಿ 5 ಮಿ.ಮೀ. ಬಿಟ್ ಹಾಕಿ 6 ಸೆಂ.ಮೀ. ಆಳಕ್ಕೆ ಹೋಗಿ, ಉದುರುವ ಪುಡಿ ನೋಡಿ. ಮೊದಲ ಒಂದೆರಡು ಸೆಂಟಿಮೀಟರ್ ಗಾರೆಯ ಪುಡಿ ಬರುತ್ತದೆ, ಅದು ಲೆಕ್ಕಕ್ಕಿಲ್ಲ. ಆಮೇಲೆ ಬರುವುದು ಮುಖ್ಯ.

ಕೆಂಪು ಪುಡಿ ಬಂದರೆ ಇಟ್ಟಿಗೆ. ಮೇಜಿನ ಬ್ರಾಕೆಟ್‌ಗಳಿಗೆ (ಗೋಡೆಗೆ ಬಿಗಿದು ಹಲಗೆ ಹೊರುವ ಲೋಹದ ಆಧಾರಗಳಿಗೆ) 8 ಅಥವಾ 10 ಮಿ.ಮೀ. ನೈಲಾನ್ ವಾಲ್ ಪ್ಲಗ್ ಸಾಕು. ವಾಲ್ ಪ್ಲಗ್ ಅಂದರೆ ತೂತಿನೊಳಗೆ ಕೂರುವ ಪ್ಲಾಸ್ಟಿಕ್ ತೊಟ್ಟು. ಸ್ಕ್ರೂ ಒಳಹೋದಂತೆ ಅದು ಅರಳಿ ಗೋಡೆಯನ್ನು ಹಿಡಿಯುತ್ತದೆ. ಇಟ್ಟಿಗೆಯ ನಡುವಿಗೆ ಕೊರೆಯಿರಿ, ಎರಡು ಇಟ್ಟಿಗೆಗಳ ನಡುವಿನ ಗಾರೆಗೆ ಬೇಡ. ಅಲ್ಲಿ ಹಿಡಿತ ಕಡಿಮೆ.

ಬೂದು ಬಣ್ಣದ ಪುಡಿ, ಬಿಟ್ ಒಳಹೋಗಲು ಹಟ ಮಾಡುತ್ತಿದೆ ಅಂದರೆ ಕಾಂಕ್ರೀಟ್. ಇದು ಎಲ್ಲಕ್ಕಿಂತ ಗಟ್ಟಿ. ಮಂಚಕ್ಕೆ ಇಲ್ಲಿ ಆಂಕರ್ ಬೋಲ್ಟ್ ಹಾಕಬಹುದು. ಬೋಲ್ಟ್ ಬಿಗಿದಂತೆ ಅದರ ಲೋಹದ ತೋಳು ಅಗಲವಾಗಿ ಕಾಂಕ್ರೀಟಿಗೆ ಒತ್ತಿ ನಿಲ್ಲುತ್ತದೆ. ಕಂಬದ ಅಂಚಿಗೆ, ಗೋಡೆ ಮೂಲೆಗೆ ತೀರ ಹತ್ತಿರ ಹಾಕಬೇಡಿ. ಆ ಒತ್ತಡಕ್ಕೆ ಅಂಚು ಸೀಳಬಹುದು. ಕೊರೆಯುವಾಗ ಕಬ್ಬಿಣದ ಸರಳು ಸಿಕ್ಕರೆ ಅದನ್ನು ತುಂಡು ಮಾಡಲು ಹೋಗದೆ ತೂತಿನ ಜಾಗ ಬದಲಿಸಿ.

ಸ್ವಲ್ಪ ದೂರ ಗಟ್ಟಿಯಾಗಿ ಹೋಗಿ ಬಿಟ್ ಇದ್ದಕ್ಕಿದ್ದಂತೆ ಒಳಗೆ ನುಗ್ಗಿದರೆ ಹಾಲೋ ಬ್ಲಾಕ್, ಅಂದರೆ ಒಳಗೆ ಟೊಳ್ಳಿರುವ ಕಾಂಕ್ರೀಟ್ ಬ್ಲಾಕ್ ಇರಬಹುದು. ಇಲ್ಲಿ ಡ್ರಿಲ್ಲಿನ ಹ್ಯಾಮರ್ ಮೋಡ್ (ಬಿಟ್ ತಿರುಗುತ್ತಲೇ ಗೋಡೆಗೆ ಬಡಿಯುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲವಾದರೆ ಬ್ಲಾಕಿನ ತೆಳು ಗೋಡೆ ಒಳಗಡೆ ಒಡೆದುಹೋಗುತ್ತದೆ. ಮಾಮೂಲಿ ಆಂಕರ್ ಬೋಲ್ಟ್ ಇಲ್ಲಿ ಬೇಡ. ಭಾರದ ಸಾಮಾನಿಗೆ ಕೆಮಿಕಲ್ ಆಂಕರ್ ಹಾಕಬೇಕು. ಮೊದಲು ತೂತಿನೊಳಗೆ ಜಾಲರಿ ಕೊಳವೆ ತೂರಿಸಿ, ಅದಕ್ಕೆ ರಾಳ ತುಂಬಿ, ಥ್ರೆಡ್ ಇರುವ ಸರಳು ಕೂರಿಸುತ್ತಾರೆ. ರಾಳ ಜಾಲರಿಯಿಂದ ಹೊರಬಂದು ಟೊಳ್ಳಿನೊಳಗೆ ಗಂಟುಕಟ್ಟಿ ಗಟ್ಟಿಯಾಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಡಬೇಕು.

ಬಿಳಿ ಅಥವಾ ತಿಳಿ ಬೂದು ಬಣ್ಣದ ಮೆತ್ತನೆಯ ಪುಡಿ ಸಲೀಸಾಗಿ ಬಂದರೆ ಅದು ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಬ್ಲಾಕ್. ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ, ಸ್ಕ್ರೂ ಮೊದಲ ದಿನ ಬಿಗಿಯಾಗಿಯೇ ಇರುತ್ತದೆ. ಮೇಜನ್ನು ನೂರು ಸಲ ತೆರೆದು ಮುಚ್ಚುವ ಹೊತ್ತಿಗೆ ತೂತು ಸವೆದು ಅಗಲವಾಗಿರುತ್ತದೆ. ಎಎಸಿಗೆಂದೇ ಮಾಡಿದ ಉದ್ದನೆಯ ಪ್ಲಗ್‌ಗಳು ಸಿಗುತ್ತವೆ, ಅವನ್ನೇ ಹಾಕಿ. ಕೊರೆಯುವಾಗ ಹ್ಯಾಮರ್ ಮೋಡ್ ಬೇಡ.

ಜಿಪ್ಸಂ ಬೋರ್ಡಿನ ಗೋಡೆಯಾದರೆ ಬೋರ್ಡನ್ನು ನಂಬಲೇಬೇಡಿ. ಅದರ ಹಿಂದೆ ಮರದ ಅಥವಾ ಲೋಹದ ನಿಲುವು ಪಟ್ಟಿಗಳಿರುತ್ತವೆ, ಸಾಮಾನ್ಯವಾಗಿ 40 ಅಥವಾ 60 ಸೆಂ.ಮೀ.ಗೆ ಒಂದು. ಸ್ಟಡ್ ಫೈಂಡರ್ ಎಂಬ ಚಿಕ್ಕ ಉಪಕರಣದಿಂದ ಅವು ಎಲ್ಲಿವೆ ಅಂತ ಹುಡುಕಬಹುದು. ಮರದ ಪಟ್ಟಿಯಾದರೆ ಸ್ಕ್ರೂ ಅದಕ್ಕೇ ಹೋಗಬೇಕು. ಬ್ರಾಕೆಟ್ ಇರಬೇಕಾದ ಕಡೆ ಪಟ್ಟಿ ಸಿಗದಿದ್ದರೆ ಎರಡು ಮೂರು ಪಟ್ಟಿಗಳಿಗೆ ತಗಲುವಷ್ಟು ಉದ್ದದ, ದಪ್ಪ ಮರದ ಹಲಗೆಯನ್ನು ಮೊದಲು ಗೋಡೆಗೆ ಬಿಗಿದು, ಅದರ ಮೇಲೆ ಬ್ರಾಕೆಟ್ ಹಾಕಿ. ತೆಳು ಲೋಹದ ಪಟ್ಟಿಗಳಿರುವ ಗೋಡೆಗೆ ಮಂಚ ಬೇಡ ಅಂತಲೇ ನಾನು ಹೇಳುತ್ತೇನೆ. ಹಾಕಲೇಬೇಕು ಅಂದರೆ ಬೋರ್ಡು ತೆಗೆದು ಒಳಗೆ ಮರದ ಆಧಾರ ಕೊಡಬೇಕು.

ಇನ್ನು ವೈರು, ಪೈಪು. ವೈರುಗಳು ಹೆಚ್ಚಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ, ಕೆಳಕ್ಕೆ ಅಥವಾ ಅಡ್ಡಕ್ಕೆ ಹೋಗಿರುತ್ತವೆ. ಆ ಸಾಲುಗಳಲ್ಲಿ ಕೊರೆಯಬೇಡಿ. ಗೋಡೆಯ ಆ ಕಡೆ ಬಚ್ಚಲುಮನೆ ಇದ್ದರೆ ನೀರಿನ ಪೈಪು ಇರಬಹುದು. ಡಿಟೆಕ್ಟರ್ ಹಿಡಿದು ನೋಡಿದ ಮೇಲೂ ಕೊರೆಯುವ ಹೊತ್ತಿಗೆ ಆ ಕೋಣೆಯ ಕರೆಂಟ್ ತೆಗೆದು ಬೇರೆ ಕೋಣೆಯಿಂದ ಲೈನ್ ಎಳೆದುಕೊಳ್ಳುವುದು ಒಳ್ಳೆಯದು.

ಬಾಡಿಗೆ ಮನೆಯವರು ಕೊರೆಯುವ ಮುಂಚೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಒಪ್ಪದಿದ್ದರೆ ಗೋಡೆಯ ಸಹವಾಸ ಬಿಟ್ಟು, ಎರಡೂ ಕಡೆ ರೆಕ್ಕೆ ಇಳಿಯುವ, ಕಾಲು ಹೊರಗೆ ಎಳೆಯುವಂಥ ಮೇಜು ನೋಡಿ. ಮಡಚಿದಾಗ ಅಂಥ ಮೇಜು 25 ರಿಂದ 30 ಸೆಂ.ಮೀ. ಅಗಲದಲ್ಲಿ ನಿಲ್ಲುತ್ತದೆ. ಗೋಡೆಗೆ ಬಿಗಿಯದೆ ಮಡಚುವ ಮಂಚದ ಎತ್ತರದ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ನಿಲ್ಲಿಸಬೇಡಿ.

ಹಂತ 4: ಮೇಜಿನ ಮಾದರಿ, ಬ್ರಾಕೆಟ್

ಗೋಡೆ ಮೇಜಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮಡಚುವ ಬ್ರಾಕೆಟ್ ಮೇಲೆ ಕೂತ ಹಲಗೆ. ಬಳಸುವಾಗ ಎತ್ತಿದರೆ ಬ್ರಾಕೆಟ್ ಕಟಕ್ ಅಂತ ನಿಲ್ಲುತ್ತದೆ, ಬಿಡುವಾಗ ಗುಂಡಿ ಒತ್ತಿದರೆ ಹಲಗೆ ಕೆಳಗೆ ಇಳಿಯುತ್ತದೆ. ಇನ್ನೊಂದು, ಗೋಡೆಗೆ ಬಿಗಿದ 15 ರಿಂದ 20 ಸೆಂ.ಮೀ. ಆಳದ ಪೆಟ್ಟಿಗೆ. ಅದರ ಮುಂಬಾಗಿಲು ಕೆಳಗಿನ ಕೀಲಿನ ಮೇಲೆ ಹೊರಕ್ಕೆ ಇಳಿದು ಮೇಜಾಗುತ್ತದೆ.

ಮೊದಲನೆಯದು ಸುಲಭ, ಹಗುರ. ಆದರೆ ಮಡಚುವ ಮುಂಚೆ ಮೇಜಿನ ಮೇಲಿನದ್ದನ್ನೆಲ್ಲ ತೆಗೆಯಬೇಕು. ಎರಡನೆಯದರಲ್ಲಿ ಪೆನ್ನು, ಪುಸ್ತಕ, ಲ್ಯಾಪ್‌ಟಾಪ್ ಪೆಟ್ಟಿಗೆಯ ಒಳಗೇ ಉಳಿಯುತ್ತವೆ. ದಿನಾ ಕೆಲಸ ಮಾಡುವವರಿಗೆ ನಾನು ಎರಡನೆಯದನ್ನೇ ಹೇಳುವುದು. ಮಡಚಲು ಸುಲಭ ಇದ್ದರೆ ಮಾತ್ರ ದಿನಾ ಮಡಚುತ್ತೇವೆ, ಅಲ್ವಾ?

ಈಗ ಬ್ರಾಕೆಟ್ ಲೆಕ್ಕ. ಇದನ್ನು ನಿಧಾನವಾಗಿ ಓದಿ. ಡಬ್ಬಿಯ ಮೇಲೆ ಬರೆದ "ಇಷ್ಟು ಕೆ.ಜಿ." ಅನ್ನುವುದು ಸಾಮಾನ್ಯವಾಗಿ ಒಂದು ಜೋಡಿಗೆ, ಭಾರ ಹಲಗೆಯ ಮೇಲೆ ಸಮನಾಗಿ ಹರಡಿದಾಗ ಅನ್ನುವ ಲೆಕ್ಕ. ನೀವು ಮೇಜಿಗೆ ಮೊಣಕೈ ಊರಿ ಏಳುವಾಗ ಭಾರ ಬೀಳುವುದು ಮುಂದಿನ ಅಂಚಿಗೆ. ಗೋಡೆಯಿಂದ 50 ಸೆಂ.ಮೀ. ದೂರದ ಅಂಚಿಗೆ 30 ಕೆ.ಜಿ. ಊರಿದಿರಿ ಅಂತಿಟ್ಟುಕೊಳ್ಳಿ. ಬ್ರಾಕೆಟ್ಟಿನ ಗೋಡೆ ಕಡೆಯ ತೋಳಿನಲ್ಲಿ ಮೇಲಿನ ಸ್ಕ್ರೂವಿಗೂ ಕೆಳ ತುದಿಗೂ 15 ಸೆಂ.ಮೀ. ಅಂತರ ಇದ್ದರೆ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಎಳೆಯುವ ಬಲ 30 × 50 ÷ 15, ಅಂದರೆ ಒಟ್ಟು 100 ಕೆ.ಜಿ. ಎರಡು ಬ್ರಾಕೆಟ್‌ಗೆ ಹಂಚಿದರೆ ತಲಾ 50. ಹಾರೆಯಿಂದ ಮೊಳೆ ಕೀಳುವಾಗ ಆಗುವುದೂ ಇದೇ. ಅದೇ ಅಂತರ 25 ಸೆಂ.ಮೀ. ಆದರೆ ಒಟ್ಟು ಎಳೆತ 60 ಕೆ.ಜಿ.ಗೆ ಇಳಿಯುತ್ತದೆ. ಹಾಗಾಗಿ ಬ್ರಾಕೆಟ್ ಕೊಳ್ಳುವಾಗ ಲೋಹ ಎಷ್ಟು ದಪ್ಪ ಅನ್ನುವುದರ ಜೊತೆಗೆ ಗೋಡೆ ಕಡೆಯ ತೋಳು ಎಷ್ಟು ಉದ್ದ ಅಂತಲೂ ನೋಡಿ.

ಹಲಗೆ ಕಡೆಯ ತೋಳು ಹಲಗೆಯ ಆಳದ ಮೂರನೇ ಎರಡರಷ್ಟಾದರೂ ಇರಲಿ, 45 ಸೆಂ.ಮೀ. ಹಲಗೆಗೆ 30 ಸೆಂ.ಮೀ. ಹಾಗೆ. ಎರಡು ಬ್ರಾಕೆಟ್ ನಡುವೆ 60 ಸೆಂ.ಮೀ.ಗಿಂತ ಜಾಸ್ತಿ ಅಂತರ ಬೇಡ. 90 ಸೆಂ.ಮೀ. ಉದ್ದದ ಮೇಜಿಗೆ ಎರಡು ಸಾಕು, 120ಕ್ಕೆ ಮೂರು ಹಾಕಿ. ಕಾಲು ತೂರಿಸುವ ಜಾಗದ ನಡುವಿಗೆ ಬ್ರಾಕೆಟ್ ಬಂದರೆ ಮಂಡಿ ತಗಲುತ್ತದೆ, ಅದನ್ನೂ ಕೂತು ನೋಡಿ.

ಹಲಗೆಗೆ 18 ಮಿ.ಮೀ. ಪ್ಲೈವುಡ್ ಒಳ್ಳೆಯದು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ನೋಡಲು ಚೆನ್ನ, ಆದರೆ ಅದರ ಅಂಚಿಗೆ ಹಾಕಿದ ಸ್ಕ್ರೂ ಕೀಲಿನ ಎಳೆತಕ್ಕೆ ಬೇಗ ಸಡಿಲವಾಗುತ್ತದೆ. ಪೆಟ್ಟಿಗೆ ಮಾದರಿಯಲ್ಲಿ ಬಾಗಿಲಿನ ಉದ್ದಕ್ಕೂ ಬರುವ ಪಿಯಾನೋ ಹಿಂಜ್ ಹಾಕಿಸಿ. ಉದ್ದನೆಯ ಒಂದೇ ಕೀಲು ಅದು, ಹತ್ತಾರು ಸ್ಕ್ರೂಗಳಿಗೆ ಭಾರ ಹಂಚಿಹೋಗುತ್ತದೆ. ಬಾಗಿಲನ್ನು ಹಿಡಿಯುವ ಸರಪಳಿ ಅಥವಾ ಸರಳು ತೀರ ಮಲಗಿದಂತಿರಬಾರದು. ಬಾಗಿಲಿಗೂ ಸರಪಳಿಗೂ ನಡುವೆ 30 ಡಿಗ್ರಿ ಕೋನ ಇದ್ದರೆ ಸರಪಳಿಯ ಮೇಲಿನ ಎಳೆತ ಅದು ಹೊರುವ ಭಾರದ ಎರಡರಷ್ಟು. 45 ಡಿಗ್ರಿ ಇದ್ದರೆ ಸುಮಾರು ಒಂದೂವರೆಯಷ್ಟು.

ಹಂತ 5: ಮೇಜು ಕೂರಿಸುವ ಕ್ರಮ

1. ಎತ್ತರ ಗುರುತು ಮಾಡುವಾಗ ಹಲಗೆಯ ದಪ್ಪ ಕಳೆಯಿರಿ. ಮೇಜಿನ ಮೇಲ್ಮೈ 74 ಸೆಂ.ಮೀ.ಗೆ ಬರಬೇಕಾದರೆ, 18 ಮಿ.ಮೀ. ಹಲಗೆಗೆ ಬ್ರಾಕೆಟ್ಟಿನ ಮೇಲಂಚು 72.2ಕ್ಕೆ ಬರಬೇಕು.

2. ರಸಮಟ್ಟ ಹಿಡಿದು ಅಡ್ಡ ಗೆರೆ ಎಳೆಯಿರಿ. ನೆಲದಿಂದ ಎರಡು ಕಡೆ ಅಳೆದು ಗೆರೆ ಎಳೆಯುವುದು ಬೇಡ. ನೆಲ ಇಳಿಜಾರಿದ್ದರೆ ಮೇಜೂ ಇಳಿಜಾರಾಗುತ್ತದೆ.

3. ಒಂದು ಬ್ರಾಕೆಟ್ಟಿನ ಮೇಲಿನ ಒಂದು ತೂತು ಮಾತ್ರ ಮೊದಲು ಕೊರೆಯಿರಿ. ಆಳ ಪ್ಲಗ್ಗಿಗಿಂತ 1 ಸೆಂ.ಮೀ. ಜಾಸ್ತಿ ಇರಲಿ. ಬಿಟ್ಟಿಗೆ ಟೇಪು ಸುತ್ತಿಕೊಂಡರೆ ಆಳ ಎಷ್ಟು ಅಂತ ಗೊತ್ತಾಗುತ್ತದೆ.

4. ತೂತಿನ ಪುಡಿಯನ್ನು ಊದಿ ಅಥವಾ ಎಳೆದು ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಗೋಡೆಯನ್ನು ಹಿಡಿಯುವುದಿಲ್ಲ. ಇದು ಚಿಕ್ಕ ಕೆಲಸ, ಆದರೆ ಸುಮ್ನೆ ಬಿಟ್ಟುಬಿಡಬೇಡಿ.

5. ಆ ಒಂದು ಸ್ಕ್ರೂ ಸಡಿಲವಾಗಿ ಹಾಕಿ, ಬ್ರಾಕೆಟ್ ಲಂಬವಾಗಿದೆಯೇ ನೋಡಿ, ಆಮೇಲೆ ಉಳಿದ ತೂತುಗಳನ್ನು ಗುರುತಿಸಿ. ಎಲ್ಲ ತೂತನ್ನೂ ಒಮ್ಮೆಗೇ ಕೊರೆದರೆ ಒಂದಾದರೂ ತಪ್ಪುತ್ತದೆ.

6. ಎರಡನೇ ಬ್ರಾಕೆಟ್ ಹಾಕುವ ಮುಂಚೆ ಎರಡರ ಮೇಲೂ ರಸಮಟ್ಟ ಇಡಿ. ಎರಡೂ ಒಂದೇ ಸಮತಲದಲ್ಲಿ ಇಲ್ಲದಿದ್ದರೆ ಹಲಗೆ ತಿರುಚಿಕೊಂಡು ಒಂದು ಬ್ರಾಕೆಟ್ ಮಾತ್ರ ಮಡಚುತ್ತದೆ. ಗೋಡೆ ಉಬ್ಬಿದ್ದರೆ ಬ್ರಾಕೆಟ್ಟಿನ ಹಿಂದೆ ತೆಳು ವಾಷರ್ ಕೊಟ್ಟು ಸರಿ ಮಾಡಿ.

7. ಹಲಗೆಯನ್ನು ಬ್ರಾಕೆಟ್ ಮೇಲಿಟ್ಟು, ಗೋಡೆಯಿಂದ ಒಂದೆರಡು ಮಿ.ಮೀ. ಬಿಟ್ಟು ಕೆಳಗಿನಿಂದ ಸ್ಕ್ರೂ ಹಾಕಿ. ಆ ಸಂದು ಇಲ್ಲದಿದ್ದರೆ ಮಡಚುವಾಗ ಹಲಗೆಯ ಅಂಚು ಗೋಡೆಯ ಬಣ್ಣ ಕೆರೆಯುತ್ತದೆ. 18 ಮಿ.ಮೀ. ಹಲಗೆಗೆ 15 ಅಥವಾ 16 ಮಿ.ಮೀ. ಸ್ಕ್ರೂ ಸಾಕು. ಉದ್ದ ಹಾಕಿದರೆ ಮೇಲೆ ಚುಚ್ಚಿ ಬರುತ್ತದೆ.

ಗೋಡೆಗೆ ಮಡಚುವ ಕುರ್ಚಿಗೂ ಇದೇ ಕ್ರಮ. ಆದರೆ ಮನುಷ್ಯರ ಪೂರ್ತಿ ಭಾರ ಅದರ ಮೇಲೆ ದಡ್ ಅಂತ ಬೀಳುತ್ತದೆ. ನೆಲಕ್ಕೆ ಇಳಿಯುವ ಕಾಲು ಇರುವ ಮಾದರಿಯನ್ನೇ ಆರಿಸಿ. ಮಂಚದ ಪಕ್ಕದ ಚಿಕ್ಕ ಮಡಚು ಕಪಾಟು, ಬಟ್ಟೆ ಇಸ್ತ್ರಿ ಹಲಗೆ ಇವುಗಳ ಭಾರ ಕಡಿಮೆ. ಗೋಡೆಗೆ ತಕ್ಕ ಪ್ಲಗ್ ಹಾಕಿದರೆ ಚಿಂತೆಯಿಲ್ಲ.

ಹಂತ 6: ಮಂಚ

ಗೋಡೆಗೆ ಮಡಚುವ ಮಂಚಕ್ಕೆ ಮರ್ಫಿ ಬೆಡ್ ಅನ್ನುವ ಹೆಸರೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ವಿಲಿಯಂ ಮರ್ಫಿ 20ನೇ ಶತಮಾನದ ಆರಂಭದಲ್ಲಿ ಇಂಥ ಮಂಚಕ್ಕೆ ಪೇಟೆಂಟ್ ಪಡೆದು ಮಾರಿದ್ದರಿಂದ ಆ ಹೆಸರು ಉಳಿದಿದೆ. ಅದಕ್ಕೂ ಮುಂಚೆ, 1885ರಲ್ಲಿ, ಸಾರಾ ಗೂಡ್ ಎಂಬ ಮಹಿಳೆ ಮಡಚಿದಾಗ ಬರೆಯುವ ಮೇಜಾಗುವ ಮಂಚಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಚಿಕ್ಕ ಕೋಣೆಯ ಕಷ್ಟ ಹೊಸದೇನಲ್ಲ.

ಮೊದಲು ಉದ್ದಕ್ಕೆ ಮಡಚುವುದೋ, ಅಡ್ಡಕ್ಕೆ ಮಡಚುವುದೋ ಅಂತ ತೀರ್ಮಾನಿಸಿ. ಉದ್ದಕ್ಕೆ ಮಡಚುವ ಮಂಚದ ತಲೆ ಭಾಗ ಗೋಡೆ ಕಡೆ, ಕಾಲು ಭಾಗ ಮೇಲಕ್ಕೆ ಏಳುತ್ತದೆ. ಗೋಡೆಯಲ್ಲಿ ಕಡಿಮೆ ಅಗಲ ಸಾಕು, ಆದರೆ ಇಳಿಸಿದಾಗ ಕೋಣೆಯೊಳಗೆ ಎರಡು ಮೀಟರಿಗಿಂತ ಜಾಸ್ತಿ ಚಾಚುತ್ತದೆ. ಅಡ್ಡಕ್ಕೆ ಮಡಚುವುದು ಗೋಡೆಯುದ್ದಕ್ಕೂ ಮಲಗುತ್ತದೆ. ಒಬ್ಬರ ಮಂಚವಾದರೆ ಒಂದು ಮೀಟರಿನ ಆಸುಪಾಸು ಮಾತ್ರ ಹೊರಗೆ ಬರುತ್ತದೆ, ಪೆಟ್ಟಿಗೆಯ ಎತ್ತರವೂ ಕಡಿಮೆ, ಮೇಲೆ ಕಪಾಟು ಹಾಕಬಹುದು. ಇಕ್ಕಟ್ಟಾದ ಉದ್ದ ಕೋಣೆಗೆ ಇದೇ ಸರಿ. ಇಬ್ಬರು ಮಲಗುವುದಾದರೆ ಒಳಗಿನವರು ಎದ್ದು ಬರಲು ಹೊರಗಿನವರನ್ನು ದಾಟಬೇಕು, ಹಾಗಾಗಿ ಇಬ್ಬರಿಗೆ ಉದ್ದದ್ದೇ ಅನುಕೂಲ.

ಮಂಚವನ್ನು ಹಗುರವಾಗಿ ಎತ್ತಲು ಸಾಧ್ಯವಾಗುವುದು ಅದರೊಳಗಿನ ಸಮತೋಲನದಿಂದ. ಇದಕ್ಕೆ ಸುರುಳಿ ಸ್ಪ್ರಿಂಗ್ ಇರುತ್ತದೆ, ಇಲ್ಲವೇ ಗ್ಯಾಸ್ ಸ್ಟ್ರಟ್ ಇರುತ್ತದೆ. ಒಳಗೆ ಒತ್ತಡದ ಅನಿಲ ತುಂಬಿದ, ದಂಡ ಹೊರಗೆ ತಳ್ಳುವ ಕೊಳವೆಯೇ ಗ್ಯಾಸ್ ಸ್ಟ್ರಟ್. ಹಲವು ಸ್ಪ್ರಿಂಗ್ ಮಾದರಿಗಳಲ್ಲಿ ಹಾಸಿಗೆಯ ತೂಕಕ್ಕೆ ತಕ್ಕಂತೆ ಸ್ಪ್ರಿಂಗ್ ಸೇರಿಸಬಹುದು, ತೆಗೆಯಬಹುದು. ಸ್ಟ್ರಟ್ ಸದ್ದಿಲ್ಲದೆ ನಯವಾಗಿ ನಡೆಯುತ್ತದೆ, ಆದರೆ ವರ್ಷಗಳಲ್ಲಿ ಅನಿಲ ಸೋರಿ ಬಲ ಇಳಿಯುತ್ತದೆ. ಚಳಿಯಲ್ಲೂ ಬಲ ತುಸು ಕಡಿಮೆ, 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 3%.

ಸ್ಟ್ರಟ್ಟಿನ ಬಲವನ್ನು ನ್ಯೂಟನ್‌ನಲ್ಲಿ ಬರೆದಿರುತ್ತಾರೆ. 10 ನ್ಯೂಟನ್ ಅಂದರೆ ಹೆಚ್ಚುಕಡಿಮೆ 1 ಕೆ.ಜಿ. ಭಾರ. ಆದರೆ ಹಾಸಿಗೆ, ಚೌಕಟ್ಟು ಸೇರಿ 30 ಕೆ.ಜಿ. ಇದೆ ಅಂತ 300 ನ್ಯೂಟನ್ ಸ್ಟ್ರಟ್ ತಂದರೆ ಮಂಚ ಏಳುವುದಿಲ್ಲ. ಭಾರದ ನಡುಬಿಂದು ಕೀಲಿನಿಂದ 1 ಮೀಟರ್ ದೂರ ಇರುತ್ತದೆ, ಸ್ಟ್ರಟ್ ತಳ್ಳುವುದು ಕೀಲಿನಿಂದ 20 ಸೆಂ.ಮೀ. ದೂರದಲ್ಲಿ ಅಂತಿಟ್ಟುಕೊಳ್ಳಿ. ಆಗ ಐದು ಪಟ್ಟು ಬಲ ಬೇಕು, 1500 ನ್ಯೂಟನ್, ಅಂದರೆ 750ರ ಎರಡು. ಸ್ಟ್ರಟ್ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಈ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಬಡಗಿಯಿಂದ ಮಂಚ ಮಾಡಿಸಿದರೂ ಯಾಂತ್ರಿಕ ಭಾಗವನ್ನು ಬಿಡಿಬಿಡಿಯಾಗಿ ಕೊಳ್ಳಬೇಡಿ. ಪೂರ್ತಿ ಕಿಟ್ ತಂದು, ಅದರ ಜೊತೆ ಬರುವ ನಕ್ಷೆಯ ಅಳತೆಗೆ ಮಿಲಿಮೀಟರ್ ತಪ್ಪದೆ ಪೆಟ್ಟಿಗೆ ಮಾಡಿಸಿ.

ಹಾಸಿಗೆಯ ತೂಕ, ದಪ್ಪ ಎರಡಕ್ಕೂ ಕಿಟ್‌ನಲ್ಲಿ ಮಿತಿ ಇರುತ್ತದೆ. ದಪ್ಪದ ಮಿತಿ ಹಲವು ಕಡೆ 20 ರಿಂದ 25 ಸೆಂ.ಮೀ. ಅದಕ್ಕಿಂತ ದಪ್ಪ ಇದ್ದರೆ ಪೆಟ್ಟಿಗೆ ಮುಚ್ಚುವುದಿಲ್ಲ. ನಿಲ್ಲಿಸಿದಾಗ ಕುಸಿಯದ ಫೋಮ್ ಅಥವಾ ಲೇಟೆಕ್ಸ್ ಹಾಸಿಗೆ ಒಳ್ಳೆಯದು. ಹತ್ತಿ ತುಂಬಿದ್ದು ಕಾಲಕ್ರಮೇಣ ಒಂದು ಕಡೆ ಜಾರಿ ಗಂಟಾಗುತ್ತದೆ. ಮುಂದೆ ಹಾಸಿಗೆ ಬದಲಿಸುವಾಗ ಹಳೆಯದರ ತೂಕವನ್ನೇ ಹುಡುಕಿ.

ಈಗ ಅಪಾಯದ ವಿಷಯ. ಹಾಸಿಗೆ ಇಲ್ಲದೆ ಸ್ಪ್ರಿಂಗ್ ಅಥವಾ ಸ್ಟ್ರಟ್ ಜೋಡಿಸಿ ಮಂಚ ಇಳಿಸಿದರೆ, ಕೈ ಬಿಟ್ಟ ಕ್ಷಣ ಅದು ಜೋರಾಗಿ ಮೇಲಕ್ಕೆ ಚಿಮ್ಮುತ್ತದೆ. ಮುಖಕ್ಕೆ, ಗಲ್ಲಕ್ಕೆ ಬಡಿಯಬಹುದು. ಕಿಟ್‌ನ ಪುಸ್ತಕದಲ್ಲಿ ಹೇಳಿದ ಕ್ರಮ ಬಿಟ್ಟು ಮುಂದೆ ಹೋಗಬೇಡಿ. ಪೆಟ್ಟಿಗೆ ಗೋಡೆಗೆ ಪೂರ್ತಿ ಬಿಗಿಯುವ ತನಕ ಮಂಚವನ್ನು ಒಂದು ಸಲವೂ ಇಳಿಸಿ ನೋಡಬೇಡಿ, ಯಾಕೆಂದರೆ ಇಳಿಯುವ ಮಂಚ ಇಡೀ ಪೆಟ್ಟಿಗೆಯನ್ನು ಮುಂದಕ್ಕೆ ಕೆಡವುತ್ತದೆ. 2022ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗೋಡೆ ಮಂಚಗಳನ್ನು ವಾಪಸ್ ಕರೆಸಿಕೊಂಡರು. ಗೋಡೆಗೆ ಸರಿಯಾಗಿ ಬಿಗಿಯದ ಮಂಚ ಕಳಚಿ ಬೀಳಬಹುದು ಅನ್ನುವುದೇ ಕಾರಣ. ಒಂದು ಸಾವೂ ಆಗಿತ್ತು. ಪೆಟ್ಟಿಗೆಯ ಮೇಲಂಚಿನಲ್ಲಿ, ಎರಡೂ ತುದಿ ಮತ್ತು ನಡುವೆ, ತಯಾರಕರು ಹೇಳಿದಷ್ಟೂ ಬಿಗಿತಗಳನ್ನು ಹಾಕಲೇಬೇಕು. ತೂತು ತಪ್ಪಿತು ಅಂತ ಒಂದನ್ನು ಬಿಟ್ಟುಬಿಡುವ ಹಾಗಿಲ್ಲ. ಗೋಡೆಯ ಬಗ್ಗೆ ಅನುಮಾನ ಇದ್ದರೆ ಮಂಚದ ಬಿಗಿತವನ್ನು ಅನುಭವವಿರುವ ಕೆಲಸಗಾರರಿಂದಲೇ ಮಾಡಿಸಿ.

ಇಳಿದ ಮಂಚದ ಕಾಲು ತಾನಾಗಿ ಬಿಚ್ಚಿ ನಿಲ್ಲುವಂತಿರಲಿ. ಮುಚ್ಚಿದಾಗ ತಾನಾಗಿ ಇಳಿಯದಂತೆ ಚಿಲಕ ಇರಲಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆ ಎಟುಕದ ಎತ್ತರದಲ್ಲಿ ಇನ್ನೊಂದು ಹಾಕಿಸಿ. ಮುಚ್ಚುವ ಮುಂಚೆ ಹಾಸಿಗೆಯ ಮೇಲೆ ಮಗುವಾಗಲಿ, ಬೆಕ್ಕಾಗಲಿ ಇಲ್ಲ ಅಂತ ಪ್ರತಿ ಸಲ ನೋಡಿ. ಪೆಟ್ಟಿಗೆಯೊಳಗೆ ಓದುವ ದೀಪ ಇದ್ದರೆ, ಮಂಚ ಮುಚ್ಚಿದ ತಕ್ಷಣ ತಾನಾಗಿ ಆರುವ ಸ್ವಿಚ್ ಹಾಕಿಸಿ. ಹೊದಿಕೆಗೆ ಒತ್ತಿಕೊಂಡು ಉರಿಯುವ ದೀಪ ಬೆಂಕಿಗೆ ದಾರಿ. ಚಾರ್ಜಿಗೆ ಹಾಕಿದ ಫೋನನ್ನೂ ಒಳಗೆ ಬಿಟ್ಟು ಮುಚ್ಚಬೇಡಿ.

ಹಂತ 7: ಬಳಸುವ ಮುಂಚೆ ಭಾರ ಹಾಕಿ ನೋಡಿ

ಮೇಜಿನ ಮುಂದಿನ ಅಂಚಿಗೆ ನೀರು ತುಂಬಿದ ಕ್ಯಾನ್‌ಗಳನ್ನು ಇಡಿ. 10 ಲೀಟರ್ ನೀರು 10 ಕೆ.ಜಿ. ತೂಗುತ್ತದೆ. 10ರಿಂದ ಶುರು ಮಾಡಿ, ಬ್ರಾಕೆಟ್ಟಿನ ಮಿತಿ ದಾಟದಂತೆ 20, 30ಕ್ಕೆ ಹೋಗಿ. ಕೆಳಗೆ ಕಾಲು ಚಾಚಿ ಕೂರಬೇಡಿ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಬ್ರಾಕೆಟ್ಟಿನ ಮೇಲ್ತುದಿ ನೋಡಿ. ಗೋಡೆಗೂ ಅದಕ್ಕೂ ನಡುವೆ ಹೊಸ ಸಂದು ಕಂಡರೆ, ಒಂದು ಕಾಗದ ತೂರಿದರೂ ಸರಿ, ಪ್ಲಗ್ ಜಾರುತ್ತಿದೆ ಅಂತ ಅರ್ಥ. ಸ್ಕ್ರೂ ಇನ್ನಷ್ಟು ತಿರುಗಿಸಿ ಸರಿಮಾಡಲು ಹೋಗಬೇಡಿ. ತೆಗೆದು, ಗೋಡೆಗೆ ತಕ್ಕ ಉದ್ದದ ಪ್ಲಗ್ ಹಾಕಿ, ಇಲ್ಲವೇ ಜಾಗ ಬದಲಿಸಿ.

ಮಂಚವನ್ನು ಹಾಸಿಗೆ ಸಮೇತ ಹತ್ತು ಹದಿನೈದು ಸಲ ಇಳಿಸಿ ಎತ್ತಿ. ಅರ್ಧ ದಾರಿಯಲ್ಲಿ ನಿಧಾನವಾಗಿ ಕೈ ಸಡಿಲಿಸಿದರೆ ಅದು ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ಧಡಕ್ಕನೆ ಇಳಿದರೆ ಬಲ ಕಡಿಮೆ, ಮೇಲಕ್ಕೆ ಓಡಿದರೆ ಬಲ ಜಾಸ್ತಿ. ಆಮೇಲೆ ಪೆಟ್ಟಿಗೆಯ ಮೇಲಿನ ಬಿಗಿತಗಳನ್ನೆಲ್ಲ ಮತ್ತೊಮ್ಮೆ ನೋಡಿ.

ಹಂತ 8: ಆಮೇಲಿನ ಆರೈಕೆ

ಎದ್ದ ಕೂಡಲೇ ಮಂಚ ಮುಚ್ಚಬೇಡಿ. ರಾತ್ರಿಯ ಬೆವರಿನ ತೇವ ಹಾಸಿಗೆಯಲ್ಲೇ ಉಳಿದು ಬೂಸ್ಟು ಹಿಡಿಯುತ್ತದೆ. ಅರ್ಧ ಗಂಟೆ ಗಾಳಿಗೆ ಬಿಟ್ಟು ಆಮೇಲೆ ಎತ್ತಿ. ಅಪರೂಪಕ್ಕೆ ಬಳಸುವ ಅತಿಥಿ ಮಂಚವನ್ನೂ ತಿಂಗಳಿಗೊಮ್ಮೆ ಇಳಿಸಿ ಗಾಳಿಯಾಡಿಸಿ.

ಆರು ತಿಂಗಳಿಗೊಮ್ಮೆ ಎಲ್ಲ ಬೋಲ್ಟು, ಸ್ಕ್ರೂಗಳನ್ನು ಮುಟ್ಟಿ ನೋಡಿ, ಸಡಿಲ ಇದ್ದರೆ ಬಿಗಿಯಿರಿ. ಕೀಲಿಗೆ ಎರಡು ಹನಿ ಎಣ್ಣೆ ಸಾಕು, ಸ್ಟ್ರಟ್ಟಿನ ದಂಡಕ್ಕೆ ಮಾತ್ರ ಎಣ್ಣೆ ಹಚ್ಚಬೇಡಿ. ಒಣ ಬಟ್ಟೆಯಿಂದ ಒರೆಸಿ. ಎಣ್ಣೆಗೆ ಅಂಟಿದ ಧೂಳು ಅದರ ಸೀಲನ್ನು ಸವೆಸುತ್ತದೆ. ಒಂದು ಸ್ಟ್ರಟ್ ಸೋತರೆ ಎರಡನ್ನೂ ಒಟ್ಟಿಗೇ ಬದಲಿಸಿ, ಇಲ್ಲವಾದರೆ ಮಂಚ ಓರೆಯಾಗಿ ಎದ್ದು ಕೀಲು ತಿರುಚುತ್ತದೆ. ಬದಲಿಸುವಾಗ ಮಂಚ ಮುಚ್ಚಿದ ಸ್ಥಿತಿಯಲ್ಲಿರಲಿ, ಸ್ಟ್ರಟ್ ಪೂರ್ತಿ ಚಾಚಿರಲಿ. ಒತ್ತಿಹಿಡಿದ ಸ್ಟ್ರಟ್ಟನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಹಳೆಯದನ್ನು ಕತ್ತರಿಸಲು ಅಥವಾ ತೂತು ಮಾಡಲು ಹೋಗದೆ ಹಾಗೇ ಮರುಬಳಕೆಯವರಿಗೆ ಕೊಟ್ಟು, ಒಳಗೆ ಅನಿಲದ ಒತ್ತಡ ಇದೆ ಅಂತ ತಿಳಿಸಿ.